ಮತ್ತೆ ಮತ್ತೆ ಕೆಡುವ ರೌಟರ್ ಮತ್ತು ಕಾರಣದ ಪ್ರಶ್ನೆ

ಮನೆಯ ರೌಟರ್ ಒಂದು ಸಲ ಕೆಟ್ಟರೆ ಅದು ರಿಪೇರಿಯ ವಿಷಯ. ಅದೇ ಜಾಗದಲ್ಲಿ ಇಟ್ಟ ಎರಡನೆಯದೂ ಮೂರನೆಯದೂ ಕೆಟ್ಟರೆ ಪ್ರಶ್ನೆ ತರ್ಕಶಾಸ್ತ್ರದ್ದಾಗುತ್ತದೆ: ಯಾವುದನ್ನು ಕಾರಣ ಎನ್ನಬೇಕು?

ಸಂಸ್ಕೃತ ಪಾಠಶಾಲೆಗಳಲ್ಲಿ ನ್ಯಾಯಶಾಸ್ತ್ರದ ಮೊದಲ ಪಾಠ ಇಂದಿಗೂ 17ನೇ ಶತಮಾನದ ಅನ್ನಂಭಟ್ಟನ ‘ತರ್ಕಸಂಗ್ರಹ’. ಕಾರ್ಯಕ್ಕೆ ಮುಂಚೆ ತಪ್ಪದೆ ಇರುವುದೇ ಕಾರಣ ಎಂಬುದು ಅದರ ನಿಲುವು. ಹಾಗೆಂದು ಮುಂಚೆ ಇದ್ದದ್ದೆಲ್ಲ ಕಾರಣವಾಗದು. ಕುಂಬಾರನ ಮನೆಗೆ ಮಣ್ಣು ಹೊತ್ತು ತಂದ ಕತ್ತೆಯನ್ನು ಈ ಶಾಸ್ತ್ರದ ಪಂಡಿತರಾದ ನೈಯಾಯಿಕರು ಮಡಕೆಯ ಕಾರಣಗಳಲ್ಲಿ ಸೇರಿಸುವುದಿಲ್ಲ; ಅದು ಅನ್ಯಥಾಸಿದ್ಧ, ಅಂದರೆ ಅದಿಲ್ಲದೆಯೂ ಮಡಕೆ ಆಗುತ್ತದೆ. ರೌಟರ್ ಕೆಟ್ಟ ವಾರ ತಂದ ಹೊಸ ಟಿವಿ, ಹಿಂದಿನ ದಿನ ಬಂದುಹೋದ ಕೇಬಲ್ ಹುಡುಗ, ಆ ಕತ್ತೆಯಂತೆ ಕಾರಣವಲ್ಲದಿದ್ದರೂ ಮೊದಲು ದೂರು ಹೊರುವವರು ಸಾಮಾನ್ಯವಾಗಿ ಇವರೇ.

‘ಗುಡುಗುಮಳೆ ಬಂದರೆ ರೌಟರ್ ಹೋಗುತ್ತದೆ’ ಎಂಬ ಮಾತು ಅಷ್ಟು ಹಗುರವಲ್ಲ. ಅದು ಪದೇ ಪದೇ ಕಂಡದ್ದು. ಆದರೂ ಅದು ವ್ಯಾಪ್ತಿಯಲ್ಲ, ಅಂದರೆ ಎಲ್ಲೂ ತಪ್ಪದ ಸಂಬಂಧವಲ್ಲ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎನ್ನಲಾಗದು. ಕೆಂಪಗೆ ಕಾದ ಕಬ್ಬಿಣದಲ್ಲಿ ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆ ಬೇಕು. ಆ ಹಸಿ ಸೌದೆಯನ್ನು ಶಾಸ್ತ್ರ ಉಪಾಧಿ ಎನ್ನುತ್ತದೆ. ರೌಟರಿನ ವಿಷಯದಲ್ಲಿ ಉಪಾಧಿ ಹಲವೊಮ್ಮೆ ಕಂಬದಿಂದಲೋ ತಾರಸಿಯ ಮೇಲಿನಿಂದಲೋ ಇಳಿದು ಬರುವ ತಾಮ್ರದ ತಂತಿ. ಸಿಡಿಲು ಮನೆಗೆ ಬಡಿಯಬೇಕಿಲ್ಲ. ಸಮೀಪದಲ್ಲಿ ಎಲ್ಲಿಯೋ ಬಿದ್ದರೂ ಆ ತಂತಿಯಲ್ಲಿ ಕ್ಷಣಕಾಲ ವೋಲ್ಟೇಜ್ ಏರಿ ಪೋರ್ಟ್ ಸುಡಬಹುದು. ಗಾಜಿನ ಫೈಬರಿನಲ್ಲಿ ಹರಿಯುವುದು ಬೆಳಕು, ಆ ದಾರಿಯಲ್ಲಿ ಈ ಆಪತ್ತಿಲ್ಲ. ಕರೆಂಟಿನ ಲೈನಿನ ದಾರಿ ಮಾತ್ರ ಆಗಲೂ ತೆರೆದೇ ಇರುತ್ತದೆ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಕೂಡ ಪೂರ್ತಿ ಕಾಯದು. ರೌಟರಿನ ಉಳಿದ ದೀಪಗಳೆಲ್ಲ ಉರಿಯುತ್ತಿದ್ದು ಹೊರಗಿನ ತಂತಿ ಸೇರುವ ಪೋರ್ಟ್ ಒಂದೇ ಸತ್ತಿದ್ದರೆ ಶಂಕೆ ತಂತಿಯ ಕಡೆಗೆ. ಒಂದು ದೀಪವೂ ಹತ್ತದಿದ್ದರೆ ಮೊದಲು ಅಡಾಪ್ಟರ್ ನೋಡಬೇಕು.

ಪರೀಕ್ಷೆಯ ಕ್ರಮ ಅನ್ವಯ–ವ್ಯತಿರೇಕ: ಇದು ಇದ್ದಾಗ ಅದು ಇದೆ, ಇದು ಇಲ್ಲದಾಗ ಅದೂ ಇಲ್ಲ. 1843ರಲ್ಲಿ ಜಾನ್ ಸ್ಟುವರ್ಟ್ ಮಿಲ್ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ ವಿಧಾನಗಳೂ ಇದಕ್ಕೆ ಹತ್ತಿರದವು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದರ ಬಲ ಇಲ್ಲಿದೆ. ರೌಟರ್, ಅಡಾಪ್ಟರ್, ಇಟ್ಟ ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ಇಂಟರ್ನೆಟ್ ಮರಳಿ ಸಿಗಬಹುದು, ಜ್ಞಾನ ಸಿಗದು. ಉದಾಹರಣೆಗೆ, ಗಾಳಿಯಾಡದ ಟಿವಿ ಕಪಾಟಿನಲ್ಲಿ ಅಡಾಪ್ಟರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಣಗುತ್ತ ಬರುತ್ತದೆ. ಶಾಖ ಸುಮಾರು 10 ಡಿಗ್ರಿ ಏರಿದರೆ ಅದರ ಆಯುಷ್ಯ ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ರೂಢಿಯ ಲೆಕ್ಕ. ಅಡಾಪ್ಟರ್ ಬಿಚ್ಚಿದರೆ ಕೆಪಾಸಿಟರಿನ ತಲೆ ಉಬ್ಬಿರುವುದು ಕಣ್ಣಿಗೇ ಕಾಣಬಹುದು. ಆಗಲೂ ನಿಜವಾದ ಕಾರಣ ಅಡಾಪ್ಟರೋ ಕಪಾಟೋ ಎಂಬ ಪ್ರಶ್ನೆ ಉಳಿಯುತ್ತದೆ. ಕಪಾಟನ್ನು ಬಿಟ್ಟು ಅಡಾಪ್ಟರನ್ನಷ್ಟೇ ಬದಲಿಸಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಎಷ್ಟು ನಿದರ್ಶನ ಕಂಡರೂ ಕಾಣದ ಉಪಾಧಿಯೊಂದು ಇದ್ದೀತು, ಆದ್ದರಿಂದ ಅನುಮಾನವೇ (ಕಂಡದ್ದರಿಂದ ಕಾಣದ್ದನ್ನು ತರ್ಕಿಸುವುದೇ) ಪ್ರಮಾಣವಲ್ಲ ಎಂದದ್ದು ಪ್ರತ್ಯಕ್ಷವನ್ನಷ್ಟೇ ಒಪ್ಪುವ ಚಾರ್ವಾಕ ದರ್ಶನ. ಈ ಆಕ್ಷೇಪ ಗಟ್ಟಿಯಾದದ್ದು, ತಳ್ಳಿಹಾಕುವಂಥದ್ದಲ್ಲ. ಇದಕ್ಕೆ ನೈಯಾಯಿಕ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಕೊಟ್ಟ ಉತ್ತರ, ಶಂಕೆಗೂ ಒಂದು ಎಲ್ಲೆಯಿದೆ ಎಂಬುದು; ಶಂಕಿಸುವವನ ಸ್ವಂತ ನಡೆಗೇ ಶಂಕೆ ವಿರುದ್ಧವಾದಲ್ಲಿ ಅದು ನಿಲ್ಲುತ್ತದೆ. ಮೋಡ ಕವಿದೊಡನೆ ಪ್ಲಗ್ಗನ್ನೂ ತಂತಿಯನ್ನೂ ಕಿತ್ತಿಡುವವನು ಕಾರ್ಯಕಾರಣ ಸಂಬಂಧವನ್ನು ಆಗಲೇ ಒಪ್ಪಿರುತ್ತಾನೆ.