ಹಕ್ಕಿಯ ಪಟವೂ ಹಕ್ಕಿಯ ನೆಮ್ಮದಿಯೂ

ಸುಂದರವಾದದ್ದನ್ನು ಕಂಡಾಗ ಅದನ್ನು ನಮ್ಮದಾಗಿ ಇಟ್ಟುಕೊಳ್ಳಬೇಕೆಂಬ ಆಶೆಯು ನಮ್ಮೆಲ್ಲರಲ್ಲಿ ಹುಟ್ಟುತ್ತದೆ. ಹಿಂದೆ ಹಕ್ಕಿಯನ್ನು ಬಲೆಯಿಂದಲೂ ಕೋವಿಯಿಂದಲೂ ತಕ್ಕೊಳ್ಳುತ್ತಿದ್ದರು. ಈಗ ಅನೇಕರು ಕ್ಯಾಮರಾದಿಂದ ತಕ್ಕೊಳ್ಳುತ್ತಾರೆ. ಪಟ ತೆಗೆಯುವದರಲ್ಲಿ ರಕ್ತ ಸುರಿಯುವದಿಲ್ಲ. ಆದದರಿಂದ ಅದರಲ್ಲಿ ದೋಷವೇನೂ ಇರಲಾರದೆಂದು ನೆನಸುತ್ತೇವೆ. ಇದು ನಿಜವೋ ಎಂದು ವಿಚಾರಿಸೋಣ.

ಒಡಿಶಾ ಸೀಮೆಯ ಕರಾವಳಿಯಲ್ಲಿ ಚಿಲಿಕಾ ಎಂಬ ದೊಡ್ಡ ಸರೋವರವುಂಟು. ಸಮುದ್ರದ ಉಪ್ಪುನೀರೂ ನದಿಗಳ ಸಿಹಿನೀರೂ ಅಲ್ಲಿ ಕೂಡುತ್ತವೆ. 1981ರಲ್ಲಿ ಅದು ಲೋಕದ ಮುಖ್ಯ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಬಡಗಣ ದೇಶಗಳಿಂದ ಲಕ್ಷಗಟ್ಟಲೆ ಹಕ್ಕಿಗಳು ಅಲ್ಲಿಗೆ ಬಂದಿಳಿಯುತ್ತವೆ. ಅವುಗಳಲ್ಲಿ ಪಟ್ಟೆತಲೆಯ ಹೆಬ್ಬಾತು ಹಿಮಾಲಯವನ್ನೇ ದಾಟಿ ಬರುವಂಥದು. ಮುಂಜಾನೆ ಗಾಳಿ ಏಳುವದಕ್ಕೆ ಮುಂಚೆ ನೀರು ಕನ್ನಡಿಯಂತಿರುವಾಗ, ಒಂದೊಂದು ಹಕ್ಕಿಯ ಕೆಳಗೂ ಅದರ ಪ್ರತಿಬಿಂಬವು ತಲೆಕೆಳಗಾಗಿ ನಿಂತಿರುತ್ತದೆ.

ಇಂಥ ನೋಟದ ಪಟಕ್ಕಾಗಿ ಕೆಲವರು ದೂರದಲ್ಲಿ ಸುಮ್ಮನೆ ಕಾದಿರುತ್ತಾರೆ. ಕೆಲವರಿಗೆ ಆ ತಾಳ್ಮೆಯಿಲ್ಲ. ರೆಕ್ಕೆ ಬಿಚ್ಚಿದ ಹಿಂಡು ಬೇಕೆಂದು ಚಪ್ಪಾಳೆ ತಟ್ಟುತ್ತಾರೆ, ದೋಣಿಯನ್ನು ಹಿಂಡಿನೊಳಕ್ಕೆ ನುಗ್ಗಿಸುತ್ತಾರೆ. ಹಕ್ಕಿಗಳು ಏಳುತ್ತವೆ; ನೀರು ಕಲಕಿ ಪ್ರತಿಬಿಂಬವೂ ಒಡೆಯುತ್ತದೆ. ಇದರಿಂದ ನಷ್ಟವೇನೆಂದು ಕೇಳುವಿರೋ? ಹಿಂದಿರುಗುವ ದೀರ್ಘ ಪ್ರಯಾಣಕ್ಕಾಗಿ ಹಕ್ಕಿಯು ಮೇದು ಮೈಯಲ್ಲಿ ಕೊಬ್ಬನ್ನು ಕೂಡಿಸಿಕೊಳ್ಳಬೇಕು. ಬೆದರಿ ಹಾರಿದ ಪ್ರತಿಯೊಂದು ಹಾರಾಟವೂ ಆ ಬುತ್ತಿಯನ್ನು ಕರಗಿಸುತ್ತದೆ. ನೆಲದಲ್ಲಿ ಗೂಡುಮಾಡುವ ಟಿಟ್ಟಿಭವನ್ನು ಎಬ್ಬಿಸಿದರೆ ಅದರ ಮೊಟ್ಟೆಗಳು ಬಿಸಿಲಿಗೂ ಕಾಗೆಗೂ ಈಡಾಗುತ್ತವೆ.

ಪಟಗಳಿಂದಲೇ ಜನರಲ್ಲಿ ಪಕ್ಷಿಪ್ರೀತಿ ಹುಟ್ಟುವದಲ್ಲವೇ ಎಂದು ಕೆಲವರು ಹೇಳುವರು. ಇದು ಸತ್ಯವೇ. ಚಿಲಿಕಾದ ಬಡಗಣ ದಡದ ಮಂಗಳಾಜೋಡಿ ಎಂಬ ಹಳ್ಳಿಯಲ್ಲಿ, ಮುಂಚೆ ಹಕ್ಕಿಗಳನ್ನು ಬೇಟೆಯಾಡುತ್ತಿದ್ದ ಹಲವರು ಈಗ ಅವುಗಳನ್ನು ಕಾಯುತ್ತಾರೆ. ನೋಡಬಂದವರನ್ನು ಯಂತ್ರವಿಲ್ಲದ ದೋಣಿಗಳಲ್ಲಿ ಗಳ ಹಾಕಿ ಮೆಲ್ಲಗೆ ಕರೆದೊಯ್ಯುತ್ತಾರೆ. ಹೀಗಿರಲಾಗಿ ಕ್ಯಾಮರಾದಲ್ಲಿ ತಪ್ಪಿಲ್ಲ. ನಮ್ಮ ಸಂತೋಷದ ಬೆಲೆಯನ್ನು ಯಾರು ತೆರುತ್ತಾರೆಂಬದೇ ಪ್ರಶ್ನೆ. ಕಾದು ತೆಗೆದ ಪಟಕ್ಕೆ ನಾವೇ ಬೆಲೆ ತೆರುತ್ತೇವೆ. ಬೆದರಿಸಿ ತೆಗೆದದ್ದಕ್ಕೆ ಹಕ್ಕಿ ತೆರುತ್ತದೆ. ಆದರೆ ಗೋಡೆಗೆ ತೂಗಹಾಕಿದಾಗ ಎರಡೂ ಒಂದೇ ವಿಧವಾಗಿ ಕಾಣುತ್ತವೆ. ಭೇದವನ್ನು ಬಲ್ಲವರು ತೆಗೆದವನೂ ದೇವರೂ ಮಾತ್ರ. ಮೋಶೆಯ ಧರ್ಮಶಾಸ್ತ್ರವು ಗೂಡಿನ ತಾಯಿಹಕ್ಕಿಗಾಗಿಯೂ ಒಂದು ಕಟ್ಟಳೆಯನ್ನಿಟ್ಟಿತು. ನಮ್ಮ ಕರ್ತನು ಅಗ್ಗದ ಗುಬ್ಬಿಯನ್ನೂ ತಂದೆಯ ಲಕ್ಷ್ಯದೊಳಗೆ ಸೇರಿಸಿದನು. ದೂರು ಹೇಳಲಾರದ ಜೀವಿಯ ವಿಷಯದಲ್ಲಿ ದೇವರೇ ಲೆಕ್ಕ ಕೇಳುವನು.

ನಾವು ಹಳ್ಳಿಯವರು, ಇದು ನಮಗೇಕೆ ಎನ್ನಬೇಡಿರಿ. ಇಂದು ನಮ್ಮ ಕೈಯಲ್ಲಿಯೂ ಪಟ ತೆಗೆಯುವ ಮೊಬೈಲು ಉಂಟು. ಬಡ ವಿಧವೆಗೆ ಒಂದು ಚೀಲ ಅಕ್ಕಿ ಕೊಡುವಾಗ ಅವಳ ತಗ್ಗಿದ ಮುಖದ ಪಟವನ್ನು ತೆಗೆದು ಊರಿಗೆಲ್ಲಾ ತೋರಿಸುತ್ತೇವೆ. ಅವಳು ಒಪ್ಪಿದಳೆನ್ನುತ್ತೇವೆ, ಅಕ್ಕಿಯ ಅಗತ್ಯವಿರುವವಳು ಬೇಡವೆನ್ನುವದು ಹೇಗೆ? ಅವಳ ನೆಮ್ಮದಿಯನ್ನು ಕಲಕಿ ನಮ್ಮ ಧರ್ಮದ ಪ್ರತಿಬಿಂಬವನ್ನು ನೋಡಬಯಸುವದು ಹಿಂಡನ್ನು ಬೆದರಿಸಿದವನ ಕೆಲಸವೇ.

ಆದದರಿಂದ ಪ್ರಿಯರೇ, ಸುಂದರವಾದದ್ದನ್ನು ನೋಡಿರಿ, ದೇವರನ್ನು ಸ್ತುತಿಸಿರಿ. ಪಟ ತೆಗೆಯುವದಾದರೆ ತಾಳ್ಮೆಯಿಂದ ತೆಗೆಯಿರಿ. ಹಕ್ಕಿಯು ತಲೆಯೆತ್ತಿ ಅಂಜಿದರೆ ಅಲ್ಲಿಯೇ ನಿಲ್ಲಿರಿ. ಆ ದಿನ ಪಟವಿಲ್ಲದೆ ಮನೆಗೆ ಹೋಗುವದೂ ಪ್ರೀತಿಯ ಒಂದು ಕಾರ್ಯವಾಗಿದೆ.