ಪ್ರಮಾದವೂ ಹಿಂಸೆಯೂ

ವಾಹನ ಚಲಾಯಿಸುತ್ತಲೇ ಮೊಬೈಲಿನ ಸಂದೇಶ ಓದಿದವನು ಯಾರಿಗೂ ಗುದ್ದದೆ ಸುರಕ್ಷಿತವಾಗಿ ಮನೆ ಸೇರಿದರೆ ಅವನು ತಪ್ಪು ಮಾಡಿದಂತಾಯಿತೇ ಎಂಬ ಪ್ರಶ್ನೆ, ಮೇಲ್ನೋಟಕ್ಕೆ ಸಂಚಾರ ಪೊಲೀಸರ ರಸೀದಿಗೆ ಸೇರಿದ್ದೆಂದು ತೋರಿದರೂ, ಮೂಲದಲ್ಲಿ ಧರ್ಮಜಿಜ್ಞಾಸೆಗೆ ಸೇರಿದ್ದು. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಇದಕ್ಕೆ ಹೌದೆಂದೇ ಉತ್ತರಿಸುತ್ತದೆ: ಕೈಯಲ್ಲಿ ಹಿಡಿದು ಬಳಸುವ ಸಂಪರ್ಕ ಸಾಧನವನ್ನು 184ನೆಯ ಸೆಕ್ಷನ್ನಿನ ವಿವರಣೆಯಲ್ಲಿ ಹೆಸರಿಸಿ, ಅದರ ಬಳಕೆಯನ್ನೇ ಅಪಾಯಕಾರಿ ಚಾಲನೆಯೆಂದು ಗಣಿಸಿ, ಮೊದಲ ಅಪರಾಧಕ್ಕೆ ಆರು ತಿಂಗಳಿಂದ ಒಂದು ವರ್ಷದವರೆಗಿನ ಸೆರೆವಾಸವನ್ನೋ 1,000ದಿಂದ 5,000 ರೂಪಾಯಿ ದಂಡವನ್ನೋ ಎರಡನ್ನೂ ಸೇರಿಸಿಯೋ ವಿಧಿಸಲು ಅದು ಅವಕಾಶ ಕೊಡುತ್ತದೆ. ಆದರೆ ಅದಕ್ಕೆ ಒಂದು ವರ್ಷ ಮೊದಲು ಕೇರಳ ಹೈಕೋರ್ಟು, ಆ ರಾಜ್ಯದ ಪೊಲೀಸ್ ಕಾಯ್ದೆಯನ್ನು ವ್ಯಾಖ್ಯಾನಿಸುತ್ತ, ಚಾಲಕನು ಫೋನಿನಲ್ಲಿ ಮಾತನಾಡಿದ ಮಾತ್ರಕ್ಕೆ ಅಪರಾಧವಾಗದು, ಅದರಿಂದ ಸಾರ್ವಜನಿಕರಿಗೆ ಅಪಾಯ ಒದಗಬೇಕು ಎಂದು ಹೇಳಿತ್ತು.

ದೋಷವಿರುವುದು ಫಲದಲ್ಲೋ ನಡತೆಯಲ್ಲೋ ಎಂಬ ಈ ತೊಡಕನ್ನು ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ 1976ರಲ್ಲಿ 'ನೈತಿಕ ಅದೃಷ್ಟ' ಎಂಬ ಹೆಸರಿನಿಂದ ಚರ್ಚಿಸಿದರು. ಮಾಡಿದವನ ಹತೋಟಿಯಲ್ಲಿಲ್ಲದ ಸಂಗತಿ ಅವನ ತಪ್ಪಿನ ತೂಕವನ್ನು ಬದಲಿಸುವುದೇ ನೈತಿಕ ಅದೃಷ್ಟ. ಬ್ರೇಕ್ ಪರೀಕ್ಷಿಸದೆ ಹೊರಟ ಲಾರಿ ಚಾಲಕ, ಮಗು ಅಡ್ಡ ಬಂದರೆ ಸಾವಿನ ಹೊಣೆ ಹೊರುತ್ತಾನೆ, ಬಾರದಿದ್ದರೆ ಅಲಕ್ಷ್ಯ ತೋರಿದವನಷ್ಟೇ ಆಗಿ ಉಳಿಯುತ್ತಾನೆ ಎಂಬುದು ನೇಗೆಲ್ ಕೊಟ್ಟ ಉದಾಹರಣೆ. ಭಾರತದ ದಂಡವಿಧಿಯೂ ಈ ಅದೃಷ್ಟವನ್ನು ಲೆಕ್ಕಕ್ಕೆ ಹಿಡಿಯುತ್ತದೆ: ಸಂದೇಶ ಓದುವ ಅದೇ ಗಳಿಗೆಯಲ್ಲಿ ಪಾದಚಾರಿಯೊಬ್ಬ ಸತ್ತರೆ, ನ್ಯಾಯ ಸಂಹಿತೆಯ 106ನೆಯ ಸೆಕ್ಷನ್ ಐದು ವರ್ಷದವರೆಗಿನ ಸೆರೆಯನ್ನು ಹೇಳುತ್ತದೆ.

ಜೈನಾಚಾರ್ಯರು ಈ ಗಂಟನ್ನು ಬೇರೆ ತುದಿಯಿಂದ ಬಿಡಿಸಿದರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಯೊಂದನ್ನೇ ಹೇಳದೆ 'ಪ್ರಮಾದ'ವನ್ನು, ಎಂದರೆ ಎಚ್ಚರಗೇಡಿತನವನ್ನು, ಅದರ ಮೂಲವಾಗಿ ಇಡುತ್ತದೆ. ಕುಂದಕುಂದಾಚಾರ್ಯರ ಪ್ರವಚನಸಾರವು ಇನ್ನೂ ಮುಂದೆ ಹೋಗಿ, ಎಚ್ಚರಗೆಟ್ಟು ನಡೆದವನಿಗೆ ಎದುರಿನ ಜೀವಿ ಉಳಿದರೂ ಹಿಂಸೆಯ ದೋಷ ತಪ್ಪದೆಂದೂ, ಎಚ್ಚರದಿಂದ ನಡೆದವನಿಗೆ ಜೀವಿ ಅಳಿದ ಮಾತ್ರಕ್ಕೆ ಕರ್ಮಬಂಧ ತಗಲದೆಂದೂ ನಿರ್ಣಯಿಸುತ್ತದೆ. ಕರ್ನಾಟಕದ ದಿಗಂಬರ ಪರಂಪರೆ ಗೌರವಿಸುವ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಈ ನಿರ್ಣಯವನ್ನೇ ಆಧಾರವಾಗಿ ತಂದುಕೊಳ್ಳುತ್ತಾರೆ. ಮುನಿಗಳಿಗೆ ವಿಧಿಸಿದ 'ಈರ್ಯಾಸಮಿತಿ', ಅಂದರೆ ನಡಿಗೆಯಲ್ಲಿ ಪಾಲಿಸಬೇಕಾದ ಎಚ್ಚರ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿ ಹೆಜ್ಜೆಯಿಡಬೇಕೆನ್ನುತ್ತದೆ. ಬರಿಗಾಲಿನ ಮುನಿಗೆ ಸುಮಾರು ಎರಡು ಮೀಟರು ಸಾಕಾಗುತ್ತಿತ್ತು. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದೊಂದು ಸೆಕೆಂಡಿಗೂ 16 ಮೀಟರಿಗಿಂತ ಹೆಚ್ಚು ಸಾಗುವುದರಿಂದ, ಐದು ಸೆಕೆಂಡು ಪರದೆಯ ಮೇಲೆ ಕಣ್ಣಿಟ್ಟವನು 80 ಮೀಟರಿಗೂ ಹೆಚ್ಚು ದಾರಿಯನ್ನು ಕುರುಡನಂತೆ ಕಳೆದಿರುತ್ತಾನೆ.

ಫೋನನ್ನು ಕೈಯಲ್ಲಿ ಹಿಡಿಯದೆ ಇಯರ್‌ಫೋನಿನಲ್ಲಿ ಮಾತನಾಡಿದರೆ ಪ್ರಮಾದ ನೀಗುತ್ತದೆಯೇ? ಇಂಥಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಕಠೋಪನಿಷತ್ತಿನ ರಥದ ರೂಪಕವಾದರೂ, ಅದರ ಹೊಣೆ ಇಂದ್ರಿಯನಿಗ್ರಹವೇ ಹೊರತು ಗಮನದ ಸ್ವರೂಪವಲ್ಲ. ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ನ್ಯಾಯದರ್ಶನ. ಮನಸ್ಸು ಅಣುಪ್ರಮಾಣದ್ದು, ಆದ್ದರಿಂದ ಏಕಕಾಲದಲ್ಲಿ ಒಂದೇ ಇಂದ್ರಿಯವನ್ನು ಕೂಡಬಲ್ಲದು, ಹಲವು ಜ್ಞಾನಗಳು ಒಟ್ಟಿಗೆ ಹುಟ್ಟದಿರುವುದೇ ಇದಕ್ಕೆ ಗುರುತು ಎಂದು ನೈಯಾಯಿಕರು ವಾದಿಸಿದರು. ಎರಡು ಕೆಲಸ ಒಟ್ಟಿಗೆ ನಡೆದಂತೆ ಕಾಣುವುದು, ಬೀಸಿ ತಿರುಗಿಸಿದ ಕೊಳ್ಳಿ ಬೆಂಕಿಯ ಬಳೆಯಂತೆ ಕಾಣುವ ಭ್ರಮೆ ಮಾತ್ರ. ಕಣ್ಣೆದುರಿಗೇ ಇದ್ದುದೂ ಮನಸ್ಸು ಬೇರೆಡೆ ಇದ್ದಾಗ ಕಾಣದು ಎಂಬ ಅನುಭವವನ್ನು ಬೃಹದಾರಣ್ಯಕವು ಇದಕ್ಕೂ ಮೊದಲೇ ಗುರುತಿಸಿತ್ತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲೂ, ಫೋನ್ ಕೈಯಲ್ಲಿರಲಿ ಇಲ್ಲದಿರಲಿ, ಸಂಭಾಷಣೆಯಲ್ಲಿ ತೊಡಗಿದವರು ಸಂಕೇತದೀಪಗಳನ್ನು ಒಂದೇ ಬಗೆಯಲ್ಲಿ ತಪ್ಪಿಸಿಕೊಂಡರು.

ಹೀಗಿದ್ದೂ 184ನೆಯ ಸೆಕ್ಷನ್ನಿನ ಮಾತು ಕೈಯಲ್ಲೇ ನಿಂತುಬಿಡುತ್ತದೆ. ಇದಕ್ಕೆ ಕಾರಣ ಸರಳ: ಪೊಲೀಸನ ಕಣ್ಣಿಗೆ ಕಾಣುವುದು ಕೈ, ಮನಸ್ಸಲ್ಲ. ಉಳಿದುದನ್ನು ಪರಂಪರೆ ವ್ರತಕ್ಕೆ ವಹಿಸಿತ್ತು, ಅದೂ ಸನ್ಯಾಸಿಯ ವ್ರತಕ್ಕಲ್ಲ, ಸಂಸಾರಸ್ಥನ ವ್ರತಕ್ಕೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನು ತೊರೆಯಬೇಕಾದ ಐದು 'ಅನರ್ಥದಂಡ'ಗಳಲ್ಲಿ, ಎಂದರೆ ಪ್ರಯೋಜನವಿಲ್ಲದ ಪಾಪಕೃತ್ಯಗಳಲ್ಲಿ, 'ಪ್ರಮಾದಚರ್ಯೆ'ಯನ್ನೂ ಎಣಿಸಿ, ಕಾರಣವಿಲ್ಲದೆ ನೆಲ ಅಗೆಯುವುದು, ಗಿಡ ಕೀಳುವುದು, ಸುಮ್ಮನೆ ಅಲೆಯುವುದು ಮುಂತಾದವನ್ನು ಅದರಲ್ಲಿ ಸೇರಿಸುತ್ತದೆ. ಶಾಸ್ತ್ರದಲ್ಲಿ 'ಅನರ್ಥ'ವೆಂದರೆ ನಿಷ್ಪ್ರಯೋಜಕ, ಆಡುಮಾತಿನಲ್ಲಿ ಅನಾಹುತ; ಚಾಲಕನು ಓಡುವ ವಾಹನದಲ್ಲಿ ಓದುವ ಬಹುಪಾಲು ಸಂದೇಶಗಳು ಮೊದಲ ಅರ್ಥದಲ್ಲಿ ಆರಂಭವಾಗಿ ಎರಡನೆಯ ಅರ್ಥಕ್ಕೆ ತಿರುಗಬಲ್ಲವು.

ಕಾನೂನಿಗೆ ಮನಸ್ಸಿನ ಸುದ್ದಿಯೇ ಬೇಡವೆಂದಲ್ಲ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯು ಕೈಸಾಧನವನ್ನು ದಾರಿ ನೋಡಿಕೊಳ್ಳಲು ಮಾತ್ರ, ಅದೂ ಚಾಲಕನ ಏಕಾಗ್ರತೆ ಕೆಡದಂತೆ ಬಳಸಬೇಕೆಂದು ಷರತ್ತು ಹಾಕಿತು. ಏಕಾಗ್ರತೆಯನ್ನೇ ಅಳತೆಗೋಲಾಗಿ ಹಿಡಿದರೆ, ಕಿವಿಯ ಇಯರ್‌ಫೋನನ್ನು 184ನೆಯ ಸೆಕ್ಷನ್ನಿನ ಹೊರಗಿಡುವುದಕ್ಕೆ ಯಾವ ಸಮರ್ಥನೆಯೂ ಉಳಿಯುವುದಿಲ್ಲ.