ಗರ್ಭಿಣಿಯ ತಲೆನೋವು, ಮರಿಯಮ್ಮನವರ ಮೂರು ತಿಂಗಳು



ಕೆಲವು ವರ್ಷಗಳ ಹಿಂದೆ ನಿಪ್ಪಾಣಿ ಕಡೆಯ ಒಂದು ಹಳ್ಳಿಯಲ್ಲಿ ಮನೆಗಳನ್ನು ಆಶೀರ್ವದಿಸುತ್ತಾ ಹೋಗುತ್ತಿದ್ದೆ. ಒಂದು ಮನೆಯ ಒಳಕೋಣೆಯಲ್ಲಿ ಕಿಟಕಿಗೆ ಕೌದಿ ಕಟ್ಟಿ ಕತ್ತಲೆ ಮಾಡಿದ್ದರು. ಎಂಟು ತಿಂಗಳ ಬಸುರಿ ಹೆಣ್ಣುಮಗಳೊಬ್ಬಳು ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. "ತಲಿ ಸಿಡದ ಹೊಂಟೈತ್ರಿ ಫಾದರ್, ಬೆಳಕ ಕಂಡ್ರ ವಾಂತಿ ಬಂದಂಗ ಆಗ್ತೈತ್ರಿ" ಎಂದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ, "ಮದಲಿಂದ್ಲೂ ಆಕಿಗೆ ಅರ್ಧ ತಲಿಶೂಲಿ ಐತ್ರಿ. ನಾವೂ ನಾಕ ಹಡದೇವಿ, ಹಿಂಗ ಮಲಗಿದ್ದಿಲ್ಲ ಬಿಡ್ರಿ" ಎಂದರು. ನಾನು ಮಾಡಿದ್ದೇನು? ಆಕೆಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. "ನಿನ್ನ ನೋವನ್ನು ಪ್ರಭುವಿನ ಶಿಲುಬೆಗೆ ಒಪ್ಪಿಸವ್ವಾ" ಎಂದು ಹೇಳಿ, ಕೊಟ್ಟ ಚಹಾ ಕುಡಿದು ಮುಂದಿನ ಮನೆಗೆ ಹೋದೆ.

ಮೂರನೆಯ ದಿನ ರಾತ್ರಿ ಆಕೆಗೆ ಫಿಟ್ಸ್ ಬಂದವು. ಸಿಕ್ಕ ಜೀಪಿನಲ್ಲಿ ಗಡಿ ದಾಟಿಸಿ ಕೊಲ್ಹಾಪುರಕ್ಕೆ ಒಯ್ದರು. ದೇವರ ದಯೆ, ತಾಯಿ ಉಳಿದಳು. ದಿನ ತುಂಬುವ ಮುಂಚೆ ಹುಟ್ಟಿದ ಮಗುವೂ ಉಳಿಯಿತು. ಅಲ್ಲಿಯ ವೈದ್ಯೆ ಮನೆಯವರನ್ನು ಕೇಳಿದ್ದು ಒಂದೇ ಪ್ರಶ್ನೆ: "ತಲೆನೋವು ಶುರುವಾದ ಮೇಲೆ ಬಿ.ಪಿ. ನೋಡಿಸಿದಿರಾ?" ಮನೆಯವರು ತಲೆ ತಗ್ಗಿಸಿದರು. ನನಗೆ ಅದನ್ನು ಹೇಳಿದಾಗ ನಾನೂ ತಗ್ಗಿಸಿದೆ.

ಆಕೆಗೆ ಬಂದದ್ದು ಹಳೆಯ ಅರೆತಲೆನೋವಾಗಿರಲಿಲ್ಲ. ವೈದ್ಯರು ಹೇಳುವುದನ್ನು ನಾನು ಆಮೇಲೆ ಕೇಳಿ ತಿಳಿದುಕೊಂಡೆ. ಮೈಗ್ರೇನ್ ಇರುವ ಅನೇಕ ಸ್ತ್ರೀಯರಿಗೆ ಗರ್ಭ ಬೆಳೆದಂತೆ ಅದು ಕಡಿಮೆಯಾಗುತ್ತದೆ. ಕೆಲವರಿಗೆ ಕಡಿಮೆಯಾಗದೆ ಕೊನೆಯ ತಿಂಗಳವರೆಗೂ ಕಾಡುತ್ತದೆ. ಆದರೆ ಐದು ತಿಂಗಳು ದಾಟಿದ ಮೇಲೆ ಹೊಸದಾಗಿ ಬಂದ ತಲೆನೋವು, ಅಥವಾ ಹಳೆಯದೇ ಆದರೂ ಎಂದಿಗಿಂತ ಬೇರೆ ರೀತಿಯದು, ಗರ್ಭನಂಜಿನ ಗುರುತಾಗಿರಬಹುದು. ರಕ್ತದೊತ್ತಡ 140/90 ಮುಟ್ಟಿದರೆ, ಮುಖ ಮತ್ತು ಕೈಗಳು ಬಾತರೆ, ಕಣ್ಣಿಗೆ ಮಿಂಚು ಹೊಡೆದಂತಾದರೆ, ಪಕ್ಕೆಲುಬಿನ ಕೆಳಗೆ ಹೊಟ್ಟೆ ನೋಯತೊಡಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೈಗ್ರೇನಿನಲ್ಲೂ ಕಣ್ಣಿಗೆ ಮಿಂಚು ಹೊಡೆಯುವುದುಂಟು. ಎರಡನ್ನೂ ಮನೆಯಲ್ಲಿ ಕುಳಿತು ಬೇರ್ಪಡಿಸಿ ಹೇಳಲು ಅತ್ತೆಗೂ ಆಗದು, ಪಾದ್ರಿಗಂತೂ ಆಗದು. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ಅಳೆದು, ಮೂತ್ರ ಪರೀಕ್ಷೆ ಮಾಡಿದರೆ ವೈದ್ಯರಿಗೆ ದಾರಿ ತಿಳಿಯುತ್ತದೆ.

ಹಾಗಾದರೆ ನೋವನ್ನು ಪ್ರಭುವಿಗೆ ಒಪ್ಪಿಸು ಎಂದು ಹೇಳಿದ್ದು ತಪ್ಪೇ? ಗುರುಮಠದಲ್ಲಿ ಸಂಕಷ್ಟದ ರಹಸ್ಯದ ಕುರಿತು ನಾವು ವರ್ಷಗಟ್ಟಲೆ ಓದಿದ್ದೇವೆ, ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದಿದ್ದೇವೆ. ಆ ಬೋಧನೆ ಸುಳ್ಳಲ್ಲ. ಆದರೆ ಅದರಲ್ಲಿ ಅರ್ಧವನ್ನಷ್ಟೇ ನಾನು ಆ ಮನೆಗೆ ಒಯ್ದಿದ್ದೆ. ಜಗದ್ಗುರು ಎರಡನೆಯ ಜಾನ್ ಪಾಲರು 1984ರ ಫೆಬ್ರವರಿ 11ರಂದು ಸಂಕಷ್ಟದ ಕುರಿತು ಬರೆದ ಪ್ರೇಷಿತ ಪತ್ರವನ್ನು ದಯಾಳು ಸಮಾರಿಯನ ಬಳಿಗೇ ತಂದು ಮುಗಿಸುತ್ತಾರೆ. ಕ್ರಿಸ್ತನು ಎರಡನ್ನೂ ಕಲಿಸಿದ ಎನ್ನುತ್ತಾರೆ: ನೋವಿನ ಮೂಲಕ ಒಳಿತು ಮಾಡುವುದು, ನೋಯುವವರಿಗೆ ಒಳಿತು ಮಾಡುವುದು. ಮೊದಲನೆಯದು ನೋಯುವವಳು ತಾನಾಗಿ ಕೊಡುವ ಕಾಣಿಕೆ. ಪಕ್ಕದಲ್ಲಿ ನಿಂತವನು ಅದನ್ನು ಅವಳಿಂದ ವಸೂಲಿ ಮಾಡುವಂತಿಲ್ಲ. ಅವನ ಪಾಲಿಗೆ ಬಂದಿರುವುದು ಎರಡನೆಯದು.

ಇನ್ನು ಕೆಲವರು ಆದಿಕಾಂಡದ ಮೂರನೆಯ ಅಧ್ಯಾಯವನ್ನು ಹಿಡಿದು, ಹೆಣ್ಣಿನ ಬಸುರು ಬಾಣಂತನದ ನೋವು ದೇವರೇ ಇಟ್ಟದ್ದು, ಅದಕ್ಕೆ ಮದ್ದೇಕೆ ಎನ್ನುವುದುಂಟು. ಇದಕ್ಕೆ ಜಗದ್ಗುರು ಹನ್ನೆರಡನೆಯ ಪಿಯೂಸರು 1956ರ ಜನವರಿ 8ರಂದೇ ವೈದ್ಯರ ಮುಂದೆ ಉತ್ತರ ಕೊಟ್ಟಿದ್ದಾರೆ. ಹೆರಿಗೆಯ ನೋವನ್ನು ಕಡಿಮೆ ಮಾಡುವ ಉಪಾಯಗಳನ್ನು ಆ ವಾಕ್ಯ ತಾಯಂದಿರಿಗೆ ನಿಷೇಧಿಸುವುದಿಲ್ಲ ಎಂದು ಅವರು ಸ್ಪಷ್ಟಪಡಿಸಿದರು. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನೂ ತೆರೆದು ನೋಡಿ. ವೈದ್ಯನನ್ನು ಗೌರವಿಸಲು, ಪ್ರಾರ್ಥನೆಯ ಜೊತೆಗೇ ಅವನಿಗೂ ಸ್ಥಳ ಕೊಡಲು ಅಲ್ಲಿ ಹೇಳಿದೆ.

ಈಗ ಸಂತ ಲೂಕರ ಶುಭಸಂದೇಶಕ್ಕೆ ಬನ್ನಿ (ಲೂಕ 1:39-56). ಎಲಿಜಬೇತಮ್ಮ ಗರ್ಭಿಣಿಯಾಗಿ ಐದು ತಿಂಗಳು ಮರೆಯಾಗಿಯೇ ಇದ್ದಳು. ಮರಿಯಮ್ಮನವರಿಗೆ ದೇವದೂತನಿಂದ ಸುದ್ದಿ ತಿಳಿದದ್ದು ಆರನೆಯ ತಿಂಗಳಲ್ಲಿ. ಅವರು ಅವಸರದಿಂದ ಗುಡ್ಡನಾಡಿಗೆ ಹೋದರು, ಸುಮಾರು ಮೂರು ತಿಂಗಳು ಅಲ್ಲಿದ್ದರು. ಲೆಕ್ಕ ಹಾಕಿರಿ. ಅದು ಆ ವಯಸ್ಸಾದ ಬಸುರಿಯ ಕೊನೆಯ ಮೂರು ತಿಂಗಳು! ನಾವು ಜಪಸರದಲ್ಲಿ ಭೇಟಿಯ ರಹಸ್ಯ ಎಂದು ಹೇಳಿ ಒಂದು ವಂದನೆ, ಒಂದು ಸ್ತುತಿಗೀತೆಯಲ್ಲಿ ಮುಗಿಸುತ್ತೇವೆ. ಆ ಗೀತೆಯ ನಂತರದ ತೊಂಬತ್ತು ದಿನಗಳಲ್ಲಿ ಎಷ್ಟು ಕೊಡ ನೀರು, ಎಷ್ಟು ರೊಟ್ಟಿ, ಎಷ್ಟು ರಾತ್ರಿಗಳಿದ್ದವೋ ಲೂಕರು ಬರೆದಿಲ್ಲ. ಜಕರೀಯನಿಗಂತೂ ಆಗ ಮಾತೇ ನಿಂತಿತ್ತು. ಬಾಯಿದ್ದೂ "ಹ್ಯಾಂಗ ಐತಿ ತಲಿನೋವ?" ಎಂದು ಕೇಳದ ಗಂಡಂದಿರು ನಮ್ಮಲ್ಲಿದ್ದಾರೆ; ಅವರ ಬಗ್ಗೆ ಏನು ಹೇಳಲಿ?

ಒಮ್ಮೆ ಬಂದು ಹೋಗುವುದಕ್ಕೂ ಮತ್ತೆ ಮತ್ತೆ ಬರುವುದಕ್ಕೂ ಇರುವ ವ್ಯತ್ಯಾಸವನ್ನು ನಮ್ಮ ಜಿಲ್ಲೆಯೇ ಕಂಡಿದೆ. 2014ರಿಂದ 2016ರವರೆಗೆ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ ಗರ್ಭನಂಜಿನ ಕುರಿತು ದೊಡ್ಡ ಅಧ್ಯಯನವೊಂದು ನಡೆಯಿತು. ಆಶಾ ಕಾರ್ಯಕರ್ತೆಯರು, ಎ.ಎನ್.ಎಂ. ಸಹೋದರಿಯರು ಮನೆಮನೆಗೆ ಹೋಗಿ ಬಸುರಿಯರ ಬಿ.ಪಿ. ಅಳೆದರು. ಪಾಕಿಸ್ತಾನ, ಮೊಜಾಂಬಿಕ್ ದೇಶಗಳಲ್ಲೂ ಇಂಥದೇ ಕೆಲಸವಾಗಿತ್ತು. 2020ರಲ್ಲಿ ಫಲಿತಾಂಶ ಪ್ರಕಟವಾದಾಗ, ಒಟ್ಟಾರೆ ನೋಡಿದರೆ ಸಾವುನೋವು ನಿರೀಕ್ಷಿಸಿದಷ್ಟು ಇಳಿದಿರಲಿಲ್ಲ. ಆದರೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಕಾರ್ಯಕರ್ತೆ ಭೇಟಿಯಾದ ತಾಯಂದಿರಲ್ಲಿ ಶಿಶುಗಳ ಸಾವು ಕಡಿಮೆಯಿತ್ತು. ಇದನ್ನು ಓದಿದಾಗ ನನಗೆ ಆ ಗುಡ್ಡನಾಡಿನ ಮನೆಯೇ ಕಣ್ಣೆದುರು ಬಂತು.

ಬಿ.ಪಿ. ಸರಿಯಾಗಿದ್ದು, ಇದು ಮೈಗ್ರೇನೇ ಎಂದು ವೈದ್ಯರು ಹೇಳಿದರೂ ಆ ನೋವು ಸುಳ್ಳಾಗುವುದಿಲ್ಲ. ಅವಳಿಗೆ ಬೇಕಾದದ್ದು ಕತ್ತಲೆ, ಮೌನ, ನಿದ್ದೆ, ಹೊತ್ತಿಗೆ ಸರಿಯಾಗಿ ಊಟ ಮತ್ತು ನೀರು. ಕಬ್ಬು ಕಡಿಯುವ ಹಂಗಾಮಿನಲ್ಲಿ ಇವು ಸಿಗುವುದು ಸುಲಭವಲ್ಲ, ಬಲ್ಲೆ. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೆಲಸ ಮಾಡುವವಳಿಗೆ ಆ ಘಾಟೇ ತಲೆನೋವು ಎಬ್ಬಿಸಬಹುದು. ಗಂಡನ ಅಂಗಿಗೆ ಹತ್ತಿದ ವಾಸನೆಯೂ ಸಾಕು. ಅಂಗಡಿಯಲ್ಲಿ ಕೇಳಿದ್ದೆಲ್ಲಾ ಗುಳಿಗೆ ನುಂಗಬಾರದು. ಸಾಮಾನ್ಯವಾಗಿ ವೈದ್ಯರು ಪ್ಯಾರಸಿಟಮಾಲ್ ಕೊಡುತ್ತಾರೆ. ಐಬುಪ್ರೊಫೇನ್‌ನಂಥ ಗುಳಿಗೆಗಳು ಕೊನೆಯ ತಿಂಗಳುಗಳಲ್ಲಿ ಹೊಟ್ಟೆಯೊಳಗಿನ ಮಗುವಿನ ಹೃದಯದ ರಕ್ತನಾಳಕ್ಕೆ ಕೇಡು. ಎರ್ಗೊಟಮಿನ್ ಎಂಬ ಹಳೆಯ ಮೈಗ್ರೇನ್ ಔಷಧಿ ಗರ್ಭಕೋಶವನ್ನೇ ಹಿಂಡುತ್ತದೆ.

ತಪಸ್ಸುಕಾಲದ ಉಪವಾಸದ ಕಟ್ಟು ಗರ್ಭಿಣಿಗೆ ಇಲ್ಲ. ಬರಿಹೊಟ್ಟೆ ಮೈಗ್ರೇನಿಗೆ ಕರೆಯೋಲೆ ಕೊಟ್ಟಂತೆ. ಭಾನುವಾರ ಧೂಪದ ಹೊಗೆ, ಧ್ವನಿವರ್ಧಕದ ಸದ್ದು ತಡೆಯಲಾರದವಳು ಮನೆಯಲ್ಲೇ ಮಲಗಲಿ, ಪಾಪವಲ್ಲ. ಹೇಳಿ ಕಳಿಸಿದರೆ ಪರಮಪ್ರಸಾದವನ್ನು ಮನೆಗೇ ತರುತ್ತೇನೆ.

ನಮ್ಮ ಕಡೆಯ ಇನ್ನೊಂದು ಮಾತು. ಕುಬಸ ಮುಗಿಸಿ ಹೆಣ್ಣುಮಗಳನ್ನು ತವರಿಗೆ ಕರೆದೊಯ್ಯುತ್ತೀರಿ. ಇಷ್ಟು ದಿನ ತೋರಿಸಿದ್ದು ಚಿಕ್ಕೋಡಿಯಲ್ಲಿ, ತವರು ಅಥಣಿಯಲ್ಲಿ. ರಾಯಬಾಗದವಳು ಕಾಗವಾಡಕ್ಕೆ, ಅಲ್ಲಿಂದ ತುರ್ತು ಬಿದ್ದರೆ ಮಿರಜಿಗೆ. ಅಪಾಯದ ತಿಂಗಳಲ್ಲೇ ವೈದ್ಯರು ಬದಲಾಗುತ್ತಾರೆ. ಸೀರೆ ಬಳೆಗಳ ಜೊತೆ ತಾಯಿ ಕಾರ್ಡು ಚೀಲದಲ್ಲಿ ಇರಲೇಬೇಕು. ತವರಿಗೆ ಹೋದ ವಾರವೇ ಅಲ್ಲಿಯ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ, 2016ರಿಂದ ನಡೆದಿದೆ. ತಲೆನೋವು ಬಂದರೆ ಮಾತ್ರ 9ರವರೆಗೆ ಕಾಯಬೇಡಿ. 108ಕ್ಕೆ ಕರೆ ಮಾಡಿ. ಗಾಡಿ ತಡವಾದರೆ ಗುರುನಿವಾಸದ ಬಾಗಿಲು ತಟ್ಟಿರಿ; ರಾತ್ರಿ ಎರಡು ಗಂಟೆಯಾದರೂ ಸರಿ, ಈ ಸಲ ನಾನು ಚಹಾ ಕುಡಿಯುತ್ತಾ ಕೂಡುವುದಿಲ್ಲ.